ಬಣ್ಣ ನೋಡುವ ಮೊದಲು ಕೆಳಗಿನ ಸಾಲು ಓದಿ

ಪ್ರಿಯ ಲೇಖಕರೆ,

ಮೈಸೂರು ಯುದ್ಧಗಳ ಬಣ್ಣ ತುಂಬಿದ ಕೆತ್ತನೆ ಚಿತ್ರಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲಾರೆವು. ಭಾಷೆ ಸೊಗಸಾಗಿದೆ, ಎಡವಿರುವುದು ಆಧಾರದಲ್ಲಿ. 1792ರ ಫೆಬ್ರುವರಿ 26ರಂದು ಟಿಪ್ಪುವಿನ ಇಬ್ಬರು ಮಕ್ಕಳನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಿದ ದೃಶ್ಯದ ಚಿತ್ರಗಳನ್ನೆಲ್ಲ 'ಕಣ್ಣಾರೆ ಕಂಡವರ ದಾಖಲೆ' ಎಂದು ಒಂದೇ ತಕ್ಕಡಿಗೆ ಹಾಕಿದ್ದೀರಿ. ಕಲಾವಿದ ರಾಬರ್ಟ್ ಹೋಮ್ ಬ್ರಿಟಿಷ್ ಸೇನೆಯ ಜೊತೆಗೇ ಇದ್ದ. ಅದೇ ದೃಶ್ಯ ಬರೆದ ಮ್ಯಾಥರ್ ಬ್ರೌನ್ ಭಾರತದ ನೆಲ ಮೆಟ್ಟಿದವನೇ ಅಲ್ಲ.

ಇದು ಚಿತ್ರದ ಕೆಳ ಅಂಚಿನಿಂದಲೇ ಶುರುವಾಗಬೇಕಾದ ವಿಚಾರಣೆ. ಸಾಮಾನ್ಯವಾಗಿ ಎಡಕ್ಕೆ 'ಪಿಂಕ್ಸಿಟ್', ಅಂದರೆ ಮೂಲ ಚಿತ್ರ ಬರೆದವನು; ಬಲಕ್ಕೆ 'ಸ್ಕಲ್ಪ್‌ಸಿಟ್', ತಾಮ್ರದ ಫಲಕ ಕೆತ್ತಿದವನು. ಜೊತೆಗೆ ಪ್ರಕಾಶಕನ ಹೆಸರು, ತಾರೀಖು. ಕೆತ್ತನೆ ಚಿತ್ರಗಳ ಹಕ್ಕು ಕಾಯುವ 1735ರ ಬ್ರಿಟಿಷ್ ಕಾಯ್ದೆ ಕೇಳಿದ್ದೇ ಇವೆರಡನ್ನು. ಆ ತಾರೀಖು ಎಷ್ಟು ಹೇಳುತ್ತದೆ ನೋಡಿ: ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ಚೀನಾದ ಚಕ್ರವರ್ತಿಯ ಮುಂದೆ ನಿಂತ ಗಿಲ್‌ರೇಯ ವ್ಯಂಗ್ಯಚಿತ್ರದ ಮೇಲಿರುವುದು 1792ರ ಸೆಪ್ಟೆಂಬರ್ 14. ರಾಯಭಾರಿ ಇಂಗ್ಲೆಂಡಿನಿಂದ ಹಡಗೇರಿ ಹೊರಟದ್ದು ಅದೇ ತಿಂಗಳ 26ಕ್ಕೆ!

ಇನ್ನು ಬಣ್ಣ. ರಾಜಕುಮಾರರ ಅಂಗಿಯ ಹಸಿರನ್ನು ಹಿಡಿದು ಆಸ್ಥಾನದ ಉಡುಪಿನ ಬಗ್ಗೆ ಒಂದು ಪುಟ ಬರೆದಿದ್ದೀರಿ. ಅದನ್ನು ಪೂರಾ ಹೊಡೆದುಹಾಕಿ. ಫಲಕದಿಂದ ಬರುವುದು ಸಾಮಾನ್ಯವಾಗಿ ಕಪ್ಪು ಗೆರೆ ಮಾತ್ರ. ಜಲವರ್ಣವನ್ನು ಆಮೇಲೆ ಒಂದೊಂದೇ ಹಾಳೆಗೆ ಕೈಯಿಂದ ಬಳಿಯುತ್ತಿದ್ದರು, ಹಾಗಾಗಿ ಒಂದೇ ಫಲಕದ ಎರಡು ಪ್ರತಿಗಳಲ್ಲಿ ಒಂದೇ ಅಂಗಿಗೆ ಎರಡು ಬಣ್ಣ ಸಿಗಬಹುದು. ಕನಿಷ್ಠ ಮೂರು ಪ್ರತಿ ಹೋಲಿಸದೆ ಬಣ್ಣದ ಮಾತೆತ್ತಬೇಡಿ. ನಿಮ್ಮ ಎರಡನೇ ಚಿತ್ರದಲ್ಲಿ ಮಡಿಕೆ ಹರಿದ ಕಡೆ ಕೆಂಪು ಬಣ್ಣ ಕಾಗದದ ನಾರಿನೊಳಗೇ ಇಳಿದಿದೆ. ಹರಿದ ಮೇಲೆ ಬಳಿದದ್ದು ಅದು, ಮಾರಾಟಗಾರನ ಕೈಚಳಕವಿರಬೇಕು. ಹಾಳೆ ತಿರುಗಿಸಿಯೂ ನೋಡಿ. ತಾಮ್ರದಿಂದ ಮಾಡಿದ ಹಳೆಯ ಹಸಿರು ಬಣ್ಣ ಕಾಗದವನ್ನು ತಿನ್ನುತ್ತ ಬಂದು ಹಿಂಬದಿಯಲ್ಲಿ ಕಂದು ಕಲೆಯಾಗಿ ಮೂಡುವುದುಂಟು. ಕಲೆ ಇಲ್ಲದಿದ್ದರೆ ಬಣ್ಣ ಹೊಸದೆಂದೇನೂ ಅಲ್ಲ.

ಬೆಳಕಿಗೆ ಹಿಡಿದು ನೀರುಗುರುತು ಓದಿ, ಅಂದರೆ ಕಾಗದ ತಯಾರಿಸುವಾಗಲೇ ಅದರೊಳಗೆ ಮೂಡಿಸಿದ ಗುರುತು. ಅಂಚಿನಲ್ಲಿ 1799, ಕಾಗದದಲ್ಲಿ 1810 ಎಂದಿದ್ದರೆ ಹಳೆ ಫಲಕದಿಂದ ಮತ್ತೆ ತೆಗೆದ ಪ್ರತಿ ಅದು; ಸವೆದ ಗೆರೆಗಳನ್ನು ಮುಚ್ಚಲು ಬಣ್ಣ ದಟ್ಟವಾಗಿರುವುದುಂಟು.

ತಿದ್ದಿದ ಲೇಖನದ ಜೊತೆ ಆರೂ ಹಾಳೆಗಳ ಹಿಂಬದಿಯ ಫೋಟೊ ಕಳಿಸಿ. ಅಂಚು ಕತ್ತರಿಸಿರುವ ಎರಡು ಚಿತ್ರಗಳಿಗೆ ಕಲಾವಿದನ ಹೆಸರು ಊಹಿಸಿ ಹಾಕಿದ್ದೀರಿ, ಅವನ್ನು ತೆಗೆಯಿರಿ.

— ಸಂಪಾದಕ