ಬ್ರಿಕ್ಸ್ಟನ್‌ನಲ್ಲಿ ರೂಮು ಹಿಡಿಯಲೋ ಬೇಡವೋ ಎಂದು ಕೇಳಿದ ತಂಗಿಗೆ

ದಾವಣಗೆರೆಯಿಂದ ಲಂಡನ್ನಿನ ಆಸ್ಪತ್ರೆಗೆ ನರ್ಸಾಗಿ ಬರುತ್ತಿದ್ದೀಯ. ಬ್ರಿಕ್ಸ್ಟನ್‌ನಲ್ಲಿ ಜಮೈಕಾ ಮೂಲದ ಅಜ್ಜಿಯೊಬ್ಬರ ಮನೆಯಲ್ಲಿ ರೂಮು ಸಿಕ್ಕಿದೆ. ಆದರೆ ನಿಮ್ಮ ಮಾವ “ಅದು ಕರಿಯರ ಏರಿಯಾ, ನಮ್ಮವರಿರೋ ಕಡೆ ನೋಡ್ಕೋ” ಅಂದಿದ್ದಾರೆ. ಏನು ಮಾಡಲಿ ಅಕ್ಕ ಅಂತ ತಾನೇ ನಿನ್ನ ಪ್ರಶ್ನೆ? ಹಿಡಿ. ರಾತ್ರಿ ಪಾಳಿ ಮುಗಿಸಿ ಬರುವಾಗ ಲಂಡನ್ನಿನಲ್ಲಿ ಎಲ್ಲಿದ್ದರೂ ಇರಬೇಕಾದ ಎಚ್ಚರ ಇಲ್ಲೂ ಇರಲಿ, ಅಷ್ಟೇ. ಮಾವನ ಆ ಮಾತನ್ನು ಮಾತ್ರ ವಿಮಾನ ಹತ್ತುವ ಮೊದಲೇ ಬಿಟ್ಟು ಬಾ.

ಯಾಕೆ ಅಂದರೆ, ನಮ್ಮವರು ಇಲ್ಲಿ ಕಾಲೂರಲು ದಾರಿ ಸವೆಸಿದವರಲ್ಲಿ ಆ ಕೆರಿಬಿಯನ್ ಮೂಲದ ಜನರೂ ಇದ್ದಾರೆ. 1948ರ ಜೂನ್‌ನಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತ ವಿಂಡ್‌ರಷ್ ಹಡಗು ಇಲ್ಲಿನ ಟಿಲ್ಬರಿ ಬಂದರಿಗೆ ಬಂತು. ಅದರ ಬೆನ್ನಿಗೆ ಕೆರಿಬಿಯನ್ ದ್ವೀಪಗಳಿಂದ ಬಂದ ಸಾವಿರಾರು ಜನ ಈ ದೇಶದ ಬಸ್ಸು, ರೈಲು, ಆಸ್ಪತ್ರೆಗಳಲ್ಲಿ ದುಡಿದರು. ಬಾಡಿಗೆಗೆ ಮನೆ ಕೇಳಿದರೆ ಮುಖದ ಮೇಲೆ ಬಾಗಿಲು. ಬಣ್ಣ ನೋಡಿ ಮನೆ ನಿರಾಕರಿಸುವುದು 1968ರ ಕಾಯ್ದೆ ಬರುವ ತನಕ ಕಾನೂನಿಗೆ ವಿರುದ್ಧವೇ ಆಗಿರಲಿಲ್ಲ! ಬ್ಯಾಂಕಿನವರೂ ಸಾಲ ಕೊಡಲು ಹಿಂದೇಟು ಹಾಕುತ್ತಿದ್ದರು. ಆಗ ಕೈಹಿಡಿದದ್ದು ಅವರು ಊರಿಂದಲೇ ತಂದಿದ್ದ ಪಾರ್ಡ್ನರ್. ನಮ್ಮ ಚೀಟಿಯೇ ಅನ್ನು, ಆದರೆ ಕೂಗುವುದಿಲ್ಲ, ಬಡ್ಡಿಯಿಲ್ಲ. ವಾರಕ್ಕೋ ತಿಂಗಳಿಗೋ ಎಲ್ಲರೂ ಕಂತು ಕಟ್ಟುತ್ತಾರೆ, ಇಡೀ ಗಂಟು ಸರದಿ ಪ್ರಕಾರ ಒಬ್ಬೊಬ್ಬರಿಗೆ. ಹಣ ಹಿಡಿಯುವ ಹೆಂಗಸಿನ ಮಾತೇ ದಸ್ತಾವೇಜು. ಎಷ್ಟೋ ಕುಟುಂಬಗಳು ಮೊದಲ ಮನೆಗೆ ಮುಂಗಡ ಕಟ್ಟಿದ್ದು ಈ ದುಡ್ಡಿನಿಂದ. ನಮ್ಮ ಆಸ್ಪತ್ರೆ ವಾರ್ಡಿನಲ್ಲಿ ಈಗಲೂ ಒಂದು ಪಾರ್ಡ್ನರ್ ನಡೆಯುತ್ತಿದೆ, ನಾನೂ ಇದ್ದೇನೆ.

ಬ್ರಿಸ್ಟಲ್ ಕಥೆಯನ್ನೂ ಕೇಳು. ಅಲ್ಲಿನ ಬಸ್ ಕಂಪನಿ ಬಿಳಿಯರಲ್ಲದವರನ್ನು ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1963ರಲ್ಲಿ ಅಲ್ಲಿನ ಕಪ್ಪು ಸಮುದಾಯದ ಪಾಲ್ ಸ್ಟೀಫನ್ಸನ್, ರಾಯ್ ಹ್ಯಾಕೆಟ್ ಮತ್ತವರ ಸಂಗಡಿಗರು ಬಸ್ ಬಹಿಷ್ಕಾರ ಹೂಡಿ, ನಾಲ್ಕು ತಿಂಗಳಲ್ಲಿ ಕಂಪನಿಯನ್ನು ಮಣಿಸಿದರು. ಆಮೇಲೆ ಆ ಕೆಲಸಕ್ಕೆ ಸೇರಿದ ಮೊದಲ ಬಿಳಿಯರಲ್ಲದ ಕಂಡಕ್ಟರ್ ಯಾರು ಗೊತ್ತಾ? ರಘ್ಬೀರ್ ಸಿಂಗ್, ಒಬ್ಬ ಸಿಖ್ಖರು. ನಿಮ್ಮ ಮಾವನಿಗೆ ಇದನ್ನು ತಪ್ಪದೆ ಹೇಳು.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಶನಿವಾರದ ಶಾಲೆಗಳು. ಅರವತ್ತರ ದಶಕದಲ್ಲಿ ಇಲ್ಲಿನ ಶಾಲೆಗಳು ಕೆರಿಬಿಯನ್ ಮಕ್ಕಳನ್ನು “ಬುದ್ಧಿ ಸಾಲದವರು” ಎಂದು ಬೇರೆ ಶಾಲೆಗಳಿಗೆ ತಳ್ಳುತ್ತಿದ್ದವು. ಮನೆಯಲ್ಲಿ ಆಡುವ ಇಂಗ್ಲಿಷ್ ಬೇರೆ ಥರ ಇದ್ದದ್ದೂ ಮಕ್ಕಳ ಮೇಲೇ ತಪ್ಪಾಗಿ ಬೀಳುತ್ತಿತ್ತು. ಅಂಥ ಶಾಲೆಗಳಲ್ಲೇ ಪಾಠ ಮಾಡಿದ್ದ ಗ್ರೆನಡಾದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಒಂದು ಕಿರುಹೊತ್ತಿಗೆ ಬರೆದು ಇದನ್ನು ಬಯಲಿಗೆಳೆದರು. ತಂದೆತಾಯಂದಿರು ಅದಕ್ಕೂ ಮೊದಲೇ ಕೆಲಸ ಶುರು ಮಾಡಿದ್ದರು. ಟ್ರಿನಿಡಾಡ್‌ನ ಜಾನ್ ಲಾ ರೋಸ್ 1969ರಲ್ಲಿ ಉತ್ತರ ಲಂಡನ್ನಿನಲ್ಲಿ ಜಾರ್ಜ್ ಪ್ಯಾಡ್ಮೋರ್ ಶಾಲೆ ಆರಂಭಿಸಿದರು. ಬೇರೆಯವರು ಚರ್ಚಿನ ಹಾಲು, ಮನೆಯ ಮುಂದಿನ ಕೋಣೆ, ಸಿಕ್ಕಿದ ಜಾಗದಲ್ಲಿ ತೆರೆದರು. ಗಣಿತ, ಇಂಗ್ಲಿಷ್, ಜೊತೆಗೆ ಶಾಲೆಯ ಪುಸ್ತಕದಲ್ಲಿ ಇಲ್ಲದ ಆಫ್ರಿಕಾ, ಕೆರಿಬಿಯನ್ ಚರಿತ್ರೆ. ವಾರವೆಲ್ಲ ದುಡಿದ ಜನ ಶನಿವಾರ ಬೆಳಿಗ್ಗೆ ಸಂಬಳವಿಲ್ಲದೆ ಬಂದು ಕಲಿಸಿದರು. ದೂರು ಕೊಟ್ಟು ಉತ್ತರಕ್ಕೆ ಕಾದಿದ್ದರೆ ಅಷ್ಟರಲ್ಲಿ ಮಕ್ಕಳು ದೊಡ್ಡವರಾಗಿಬಿಡುತ್ತಿದ್ದರು.

ನಮ್ಮವರೂ ವಾರಾಂತ್ಯದಲ್ಲಿ ಕನ್ನಡ ತರಗತಿ ನಡೆಸುತ್ತಾರೆ, ಯುಗಾದಿ, ರಾಜ್ಯೋತ್ಸವ ಎಲ್ಲ ಜೋರು. ಮೆಚ್ಚತಕ್ಕದ್ದೇ. ಆದರೆ ಪಕ್ಕದ ಬೀದಿಯ ಮಗು ಓದಿನಲ್ಲಿ ಹಿಂದೆ ಬಿದ್ದರೆ ನಮಗೆ ಸಂಬಂಧವಿಲ್ಲ ಅನ್ನುವ ಹಾಗೆ ಇರುತ್ತೇವೆ. ಬ್ರಿಕ್ಸ್ಟನ್ ಇರುವ ಇದೇ ಲ್ಯಾಂಬೆತ್ ಆಡಳಿತ ವಿಭಾಗದಲ್ಲಿ, ಥೇಮ್ಸ್ ದಡದಲ್ಲಿ, 2015ರಿಂದ ಬಸವಣ್ಣನ ಪ್ರತಿಮೆ ಇದೆ. ಫೋಟೋ ತೆಗೆಸಿಕೊಂಡು ಹಾಗೇ ಈಸ್ಟ್ ಹ್ಯಾಮ್ ಕಡೆ ದೋಸೆಗೆ ಓಡುವವರೇ ಹೆಚ್ಚು. (ದೋಸೆ ಚೆನ್ನಾಗಿರುತ್ತದೆ, ಅದು ಬೇರೆ ಮಾತು.)

ಬಂದ ಮೇಲೆ ಜಿಪಿ (ಏರಿಯಾದ ಡಾಕ್ಟರು) ನೋಂದಣಿ, ಬ್ಯಾಂಕ್ ಖಾತೆ ಮುಗಿಸಿ ಬ್ರಿಕ್ಸ್ಟನ್ನಿನ ವಿಂಡ್‌ರಷ್ ಚೌಕಕ್ಕೆ ಹೋಗು. ಕಪ್ಪು ಜನರ ಚರಿತ್ರೆಯ ದಾಖಲೆಗಳಿರುವ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್ ಅಲ್ಲೇ ಇದೆ, ಪಕ್ಕದಲ್ಲೇ ಲೈಬ್ರರಿ. ಹತ್ತಿರದಲ್ಲಿ ಶನಿವಾರದ ಶಾಲೆ ಎಲ್ಲಿ ನಡೆಯುತ್ತದೆ ಅಂತ ಮನೆಯ ಅಜ್ಜಿಯನ್ನೇ ಕೇಳು. ನೀನು ಬಿಎಸ್ಸಿ ನರ್ಸಿಂಗ್ ಓದಿದವಳು, ಹೈಸ್ಕೂಲ್ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡಬಲ್ಲೆ. ಮಕ್ಕಳ ಜೊತೆ ಕೆಲಸ ಅಂದರೆ ಡಿಬಿಎಸ್ ಅನ್ನುವ ಅಪರಾಧ ದಾಖಲೆ ತಪಾಸಣೆ ಆಗಬೇಕು. ಸ್ವಯಂಸೇವಕರಿಗೆ ಅದರ ಶುಲ್ಕವಿಲ್ಲ, ಆದರೆ ವಾರಗಟ್ಟಲೆ ಹಿಡಿಯಬಹುದು, ಬೇಗ ಅರ್ಜಿ ಹಾಕು. ಪಾಳಿ ಪಟ್ಟಿ ಬರೆಯುವ ಸಿಸ್ಟರ್‌ಗೂ ಮೊದಲೇ ಹೇಳಿಡು, ಶನಿವಾರ ಬೆಳಿಗ್ಗೆ ಬಿಡುವು ಸಿಗುವುದು ಸುಲಭವಲ್ಲ.