ವಿದೇಶದಲ್ಲಿ ಸ್ವಯಂಸೇವಕರಾಗಲು ನಮ್ಮಂಥ ದೇಶದವರಿಗೆ ಏಕೆ ಇಷ್ಟು ಕಷ್ಟ?

ಧಾರವಾಡದಲ್ಲಿ ಸಮಾಜಕಾರ್ಯ ಓದಿದ ತಮಗೆ ಯುರೋಪಿನ ಸಂಸ್ಥೆಗಳಲ್ಲಿ ಅವಕಾಶ ಸಿಗುತ್ತಿಲ್ಲವೇಕೆ ಎಂದು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಕೊರತೆಯಿರುವುದು ಅರ್ಹತೆಯಲ್ಲಲ್ಲ. ವೀಸಾ ಮತ್ತು ಹಣದ ವ್ಯವಸ್ಥೆಯಲ್ಲಿ.

ಸಂಬಳವಿಲ್ಲದ ಸೇವೆಯನ್ನೂ ಹಲವು ದೇಶಗಳು ಕೆಲಸವೆಂದೇ ಪರಿಗಣಿಸುವುದರಿಂದ ಪ್ರವಾಸಿ ವೀಸಾ ಸಾಲದು. ಬ್ರಿಟನ್ನಿನ ಚಾರಿಟಿ ವರ್ಕರ್ ವೀಸಾಕ್ಕೆ ಪರವಾನಗಿ ಪಡೆದ ಸಂಸ್ಥೆಯ ಪ್ರಾಯೋಜಕತ್ವ ಬೇಕು. ಆ ಸಂಸ್ಥೆ ಖರ್ಚಿನ ಹೊಣೆ ಹೊರದಿದ್ದರೆ 1,270 ಪೌಂಡ್ ಉಳಿತಾಯವು 28 ದಿನ ಖಾತೆಯಲ್ಲಿದ್ದುದನ್ನೂ ತೋರಿಸಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಅನ್ವಯಿಸುವ ಷೆಂಗೆನ್ ಅಲ್ಪಾವಧಿ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯುರೋ ಆಗಿದ್ದು, ಅರ್ಜಿ ತಿರಸ್ಕೃತವಾದರೂ ಅದು ಮರಳುವುದಿಲ್ಲ. ಪಾಸ್‌ಪೋರ್ಟ್ ಹುಬ್ಬಳ್ಳಿಯಲ್ಲೇ ಆಗುತ್ತದೆ, ಆದರೆ ವೀಸಾಕ್ಕೆ ಬೆರಳ ಗುರುತು ಕೊಡಲು ಸಾಮಾನ್ಯವಾಗಿ ಬೆಂಗಳೂರಿಗೆ ಹೋಗಬೇಕು.

ಹಾವೇರಿ ಕಡೆಯ ರೈತ ಕುಟುಂಬದ ಮಕ್ಕಳ ಸ್ಥಿತಿ ಇನ್ನೂ ಬಿಗಿಯಾದದ್ದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದಾಗ ಒಮ್ಮೆಗೆ ಬರುವ ಹಣ ಸಾಲ, ಗೊಬ್ಬರ, ಮದುವೆ ಎಂದು ಕರಗಿ, ಉಳಿದ ತಿಂಗಳುಗಳ ಬ್ಯಾಂಕ್ ವಿವರ ಬರಿದಾಗಿ ಕಾಣುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ್ದರಿಂದ ಅನೇಕರ ಬಳಿ ತೋರಿಸಲು ಆದಾಯ ತೆರಿಗೆ ರಿಟರ್ನ್ ಕೂಡ ಇರುವುದಿಲ್ಲ. ಊರಿಗೆ ಮರಳುವರೆಂಬ ನಂಬಿಕೆ ವೀಸಾ ಅಧಿಕಾರಿಗೆ ಹುಟ್ಟಬೇಕಾದದ್ದು ಇಂಥ ಕಾಗದಗಳಿಂದಲೇ, ಮತ್ತು ಇದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಸೇವೆಗೆ ಸೇರಲು ಸಾವಿರಾರು ರೂಪಾಯಿ ಶುಲ್ಕ ಕೇಳುವ ಮಧ್ಯವರ್ತಿಗಳಿಂದ ದೂರವಿರಿ. ಜೀವನಭತ್ಯೆ, ಪ್ರಯಾಣವೆಚ್ಚ ಮತ್ತು ವಿಮೆ ನೀಡುವ ವಿಶ್ವಸಂಸ್ಥೆ ಸ್ವಯಂಸೇವಕ ಕಾರ್ಯಕ್ರಮವನ್ನು ಮೊದಲು ನೋಡಿ. ಅದರ ಆನ್‌ಲೈನ್ ಸೇವೆಗೆ 18 ವರ್ಷ ತುಂಬಿದ್ದರೆ ಸಾಕು, ವೀಸಾ ಬೇಕಿಲ್ಲ.