ಮರಗಳಿದ್ದರೂ ಕೊಡಗಿನ ಗುಡ್ಡಗಳು ಏಕೆ ಕುಸಿಯುತ್ತವೆ?

ಬೇರುಗಳು ಬಿಗಿಯಾಗಿ ಹಿಡಿದಿಡುವುದು ಹೆಚ್ಚಾಗಿ ಮೇಲ್ಪದರದ ಮಣ್ಣನ್ನು. ಕೊಡಗಿನ ದೊಡ್ಡ ಕುಸಿತಗಳು ಆರಂಭವಾಗುವುದು ಅದಕ್ಕಿಂತ ಆಳದಲ್ಲಿ, ಮಣ್ಣಿನೊಳಗೆ ತುಂಬಿಕೊಂಡ ನೀರಿನ ಒತ್ತಡದಿಂದ.

ಅಲ್ಲಿನ ಇಳಿಜಾರುಗಳಲ್ಲಿ ಗಟ್ಟಿ ಬಂಡೆಯ ಮೇಲೆ, ಅದೇ ಬಂಡೆ ಬಹುಕಾಲದ ಮಳೆಬಿಸಿಲಿಗೆ ಶಿಥಿಲಗೊಂಡು ಉಂಟಾದ ದಪ್ಪ ಮಣ್ಣಿನ ಪದರವಿದೆ. ಸಾಮಾನ್ಯವಾಗಿ ಮಣ್ಣಿನ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಆ ಘರ್ಷಣೆಯ ಬಲದಿಂದಲೇ ಇಳಿಜಾರಿನಲ್ಲಿ ನಿಂತಿರುತ್ತವೆ. ದಿನಗಟ್ಟಲೆ ಬಿಡುವಿಲ್ಲದೆ ಮಳೆ ಸುರಿದಾಗ ಇಂಗಿದ ನೀರು ಬಂಡೆಯನ್ನು ದಾಟಲಾಗದೆ ಅದರ ಮೇಲೆ ತುಂಬಿಕೊಳ್ಳುತ್ತದೆ. ಕಣಗಳ ನಡುವೆ ಸೇರಿದ ಆ ನೀರು ಅವುಗಳ ಪರಸ್ಪರ ಹಿಡಿತವನ್ನು ಸಡಿಲಿಸುತ್ತದೆ, ಜೊತೆಗೆ ಗುಡ್ಡದ ಭಾರವೂ ಹೆಚ್ಚುತ್ತದೆ. ಆಗ ಮರಗಳ ಸಮೇತ ಇಡೀ ಪದರವೇ ಜಾರುತ್ತದೆ.

ಆದರೆ ಮಳೆಯೊಂದನ್ನೇ ದೂರುವುದು ಸರಿಯಲ್ಲ. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಗುಡ್ಡದ ಬುಡವನ್ನು ಲಂಬವಾಗಿ ಕಡಿದಾಗ ಮೇಲಿನ ಮಣ್ಣಿಗಿದ್ದ ಆಸರೆ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ತಾಲ್ಲೂಕಿನ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಕುಸಿದಾಗ, ಇಳಿಜಾರುಗಳನ್ನು ಹೀಗೆ ಕಡಿದದ್ದೂ ಮುಖ್ಯ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿತು.

ಕುಸಿತ ನಿಂತ ಮೇಲೂ ನಷ್ಟ ನಿಲ್ಲುವುದಿಲ್ಲ ಎಂಬುದು ಹೆಚ್ಚು ನೋವಿನ ಸಂಗತಿ. ಮೇಲೆ ಕಾಫಿ ತೋಟದ ಫಲವತ್ತಾದ ಮೇಲ್ಮಣ್ಣು ಹೋಗಿ ಸಾರವಿಲ್ಲದ ಕೆಂಪು ಒಳಮಣ್ಣು ಬಯಲಾಗುತ್ತದೆ. ಕೆಳಗೆ ಗದ್ದೆಗಳ ಮೇಲೆ ಕಲ್ಲು, ದಿಮ್ಮಿ, ಕೆಸರು ಹರಡಿ ಬದುಗಳ ಗುರುತೂ ಉಳಿಯುವುದಿಲ್ಲ.

ಅಂಗಳದಲ್ಲಿ ಹೊಸ ಬಿರುಕು, ವಾಲುತ್ತಿರುವ ಮರಗಳು, ಗುಡ್ಡದ ಬುಡದಿಂದ ಇದ್ದಕ್ಕಿದ್ದಂತೆ ಚಿಮ್ಮುವ ಕೆಸರು ನೀರು ಕಂಡರೆ ಮಳೆ ನಿಲ್ಲಲೆಂದು ಕಾಯದೆ ಕೂಡಲೇ ಮನೆ ಬಿಡಬೇಕು.